ಒಬ್ಬ ರೈತ, ಒಬ್ಬ ಯುವಕ, ಒಂದು ಪೂರ್ಣ ವರ್ಷ

ಬೀದರ ಜಿಲ್ಲೆಯು ನಮ್ಮ ರಾಜ್ಯದ ಈಶಾನ್ಯ ಪರಿವರ್ತನಾ ವಲಯಕ್ಕೆ ಸೇರಿದೆ. ಇಲ್ಲಿಯ ವಾರ್ಷಿಕ ಸರಾಸರಿ ಮಳೆ 850 ಮಿ.ಮೀ. ಆಸುಪಾಸಿನಲ್ಲಿದೆ. ಬೀದರ ನಗರದ ಸುತ್ತಲೂ ಜಂಬಿಟ್ಟಿಗೆಯ ಕೆಂಪು ಭೂಮಿ ಇದ್ದರೆ, ಭಾಲ್ಕಿ ಮತ್ತು ಔರಾದ ಕಡೆ ಹೆಚ್ಚಾಗಿ ಎರೆ ಭೂಮಿ ಇದೆ. ಸೋಯಾ ಅವರೆ, ತೊಗರಿ, ಹೆಸರು, ಉದ್ದು, ಕಡಲೆ, ಜೋಳ, ನೀರಿದ್ದಲ್ಲಿ ಕಬ್ಬು ಇವು ಮುಖ್ಯ ಬೆಳೆಗಳು. ಈ ಬೆಳೆಗಳ ತಳಿ, ಗೊಬ್ಬರ, ಕೀಟ ಮತ್ತು ರೋಗಗಳ ಬಗ್ಗೆ ರೈತ ಬಾಂಧವರು ಸಾಕಷ್ಟು ಓದಿದ್ದಾರೆ, ತರಬೇತಿಗಳಲ್ಲಿ ಕೇಳಿದ್ದಾರೆ. ಆದರೆ ಹಳ್ಳಿಗಳಿಗೆ ಹೋದಾಗ ಹಿರಿಯ ರೈತರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆ ಬೇರೆಯೇ ಆಗಿದೆ. “ಇದೆಲ್ಲ ಖರೆ, ಸಾಹೇಬ್ರ. ನಾಳೆ ಈ ಹೊಲ ಮಾಡೋರು ಯಾರು?” ಎಂಬುದೇ ಆ ಪ್ರಶ್ನೆ.

ಹದಿನೆಂಟು ಇಪ್ಪತ್ತರ ವಯಸ್ಸಿನ ಅನೇಕ ಹುಡುಗರು ಹೈದರಾಬಾದಿಗೋ ಪುಣೆಗೋ ಹೋಗುತ್ತಿದ್ದಾರೆ. ಹೋಗುವುದು ತಪ್ಪೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಅವರಲ್ಲಿ ಕೆಲವರು, ಹೊಲದ ಕೆಲಸವನ್ನು ಹತ್ತಿರ ಕೂತು ಕಲಿಸುವವರು ಯಾರೂ ಇಲ್ಲದ್ದರಿಂದಲೇ ಊರು ಬಿಡುತ್ತಾರೆ ಎಂಬುದು ಲೇಖಕನ ಅನುಭವ. ತಂದೆ ತೀರಿಕೊಂಡಿರಬಹುದು, ದೂರದಲ್ಲಿ ಕೂಲಿಗಿರಬಹುದು. ಇಲ್ಲವೆ ತಂದೆ ಮಗನ ನಡುವೆ ಮಾತೇ ಹರಿಯದಿರಬಹುದು. ಇಂಥ ಒಬ್ಬ ಹುಡುಗನಿಗೆ ಅಥವಾ ಹುಡುಗಿಗೆ ಅನುಭವಿ ರೈತರೊಬ್ಬರು ಒಂದು ವರ್ಷ ಕಾಲ ಮಾರ್ಗದರ್ಶಿಯಾಗಿ ನಿಂತರೆ ಆಗುವ ಪ್ರಯೋಜನವೇನು, ಅದನ್ನು ಮಾಡುವ ಕ್ರಮ ಹೇಗೆ, ಅರ್ಧಕ್ಕೆ ಬಿಟ್ಟರೆ ಆಗುವ ಹಾನಿ ಎಂಥದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮಾರ್ಗದರ್ಶಿ ಎಂದರೆ ಯಾರು?

ತರಬೇತಿ ಶಿಬಿರದಲ್ಲಿ ಒಬ್ಬರು ಮಾತನಾಡುತ್ತಾರೆ, ಐವತ್ತು ಮಂದಿ ಕೇಳುತ್ತಾರೆ. ಪ್ರಾತ್ಯಕ್ಷಿಕೆಯಲ್ಲಿ ಒಂದು ಹೊಲವನ್ನು ಇಡೀ ಊರು ನೋಡುತ್ತದೆ. ಇವೆರಡೂ ಬೇಕಾದವೇ. ಮಾರ್ಗದರ್ಶಿಯ ಕೆಲಸ ಮಾತ್ರ ಇವುಗಳಿಂದ ಭಿನ್ನವಾದುದು. ಒಬ್ಬ ಹಿರಿಯ ಒಬ್ಬನೇ ಕಿರಿಯನನ್ನು ಆರಿಸಿಕೊಂಡು, ಗೊತ್ತುಪಡಿಸಿದ ದಿನ ತಪ್ಪದೆ ಅವನನ್ನು ಕಂಡು, ಅವನ ಹೊಲದಲ್ಲೇ, ಅವನ ವೇಗಕ್ಕೆ ತಕ್ಕಂತೆ ಕಲಿಸುವುದು ಇದರ ಸ್ವರೂಪ. ಇದಕ್ಕೆ ಸಂಬಳವಿಲ್ಲ. ಅವನು ಇವರ ಮನೆಯವನೂ ಅಲ್ಲ, ಇವರ ಆಳೂ ಅಲ್ಲ. ಹುಡುಗ ತನ್ನ ತಂದೆಯ ಮುಂದೆ ಕೇಳಲಾರದ ಪ್ರಶ್ನೆಯನ್ನು ಇಂಥ ಹಿರಿಯರ ಮುಂದೆ ಸಂಕೋಚವಿಲ್ಲದೆ ಕೇಳುತ್ತಾನೆ.

ನಮ್ಮ ಜಿಲ್ಲೆಗೆ ಇದು ಹೊಸದಲ್ಲ

ಬೀದರ ನಗರದ ಬಿದ್ರಿ ಕೆಲಸವನ್ನು ನೋಡಿದವರಿಗೆ ಈ ಕ್ರಮ ಕೂಡಲೇ ಅರ್ಥವಾಗುತ್ತದೆ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಅಚ್ಚಿನಲ್ಲಿ ಎರೆದು, ಅರದಿಂದ ಉಜ್ಜಿ ನುಣುಪು ಮಾಡಿ, ಉಳಿಯಿಂದ ಚಿತ್ತಾರ ಕೆತ್ತಿ, ಆ ಗೀರಿನಲ್ಲಿ ಬೆಳ್ಳಿಯ ತಂತಿ ಕೂಡಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಕಪ್ಪು ಬಣ್ಣ ಬರಿಸುತ್ತಾರೆ. ಈ ಕೆಲಸವನ್ನು ಪುಸ್ತಕದಿಂದ ಕಲಿತವರನ್ನು ಕಾಣುವುದು ಕಷ್ಟ. ಕಲಿಯುವ ಹುಡುಗ ಉಸ್ತಾದರ ಪಕ್ಕದಲ್ಲಿ ಕೂತು ಮೊದಲು ಉಜ್ಜುವುದನ್ನು ಕಲಿಯುತ್ತಾನೆ, ಉಳಿ ಅವನ ಕೈಗೆ ಬರುವುದು ನಂತರ. ಬಿದ್ರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಅವರು ಈ ಕೆಲಸ ಕಲಿತದ್ದು ತಮ್ಮ ತಂದೆಯವರ ಪಕ್ಕದಲ್ಲಿ ಕೂತೇ.

ಭಾಲ್ಕಿಯ ಉದಾಹರಣೆ ಇನ್ನೊಂದು ಬಗೆಯದು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆ ನಡೆಸುವುದು ಕಷ್ಟವಾಗಿದ್ದ ಕಾಲದಲ್ಲಿ, ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಸಂಗತಿಯನ್ನು ಇಲ್ಲಿಯ ಹಿರಿಯರು ಇಂದಿಗೂ ನೆನೆಯುತ್ತಾರೆ. 1999ರಲ್ಲಿ ಲಿಂಗೈಕ್ಯರಾಗುವವರೆಗೂ ಅವರು ಈ ನಾಡಿನ ಮಕ್ಕಳ ಕೈ ಬಿಡಲಿಲ್ಲ. ಕಲಿಸುವವರು ಕೊನೆಯವರೆಗೆ ನಿಲ್ಲಬೇಕೆಂಬುದು ಇದರಿಂದ ತಿಳಿಯತಕ್ಕ ಪಾಠ.

ರೈತರಲ್ಲೂ ಈ ರೂಢಿ ಇದೆ. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲಿ ತಂಗಿ, ಒಬ್ಬೊಬ್ಬ ಆತಿಥೇಯ ರೈತರೊಡನೆ ಕೆಲಸ ಮಾಡುತ್ತಾರೆ. ಪಟ್ಟಣದಲ್ಲಿ ಬೆಳೆದು ಕೂರಿಗೆಯನ್ನೇ ಮುಟ್ಟದ ವಿದ್ಯಾರ್ಥಿಗೆ ತಾಳ್ಮೆಯಿಂದ ಕಲಿಸಿದ ರೈತರು, ಪಕ್ಕದ ಮನೆಯ ಹುಡುಗನಿಗೆ ಕಲಿಸಲಾರರೇ?

ಸಂಶೋಧನೆಯಿಂದ ಕಂಡುಬಂದ ಅಂಶಗಳು

ಅಮೆರಿಕದ ನ್ಯೂಯಾರ್ಕಿನಲ್ಲಿ 1904ರಲ್ಲಿ ಮಕ್ಕಳ ನ್ಯಾಯಾಲಯದ ಗುಮಾಸ್ತರಾಗಿದ್ದ ಅರ್ನೆಸ್ಟ್ ಕೌಲ್ಟರ್ ಎಂಬವರು, ದಿನವೂ ಕಟಕಟೆಗೆ ಬರುವ ಹುಡುಗರನ್ನು ಕಂಡು ಮರುಗಿ, ಊರಿನ ಗೃಹಸ್ಥರನ್ನು ಕೂಡಿಸಿ ‘ತಲಾ ಒಬ್ಬ ಹುಡುಗನ ಗೆಳೆತನ ಮಾಡಿರಿ’ ಎಂದು ಕೇಳಿಕೊಂಡರು. ಸುಮಾರು 40 ಮಂದಿ ಒಪ್ಪಿದರು. ಹೀಗೆ ಆರಂಭವಾದ ಕಾರ್ಯ ಮುಂದೆ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಎಂಬ ದೊಡ್ಡ ಸಂಸ್ಥೆಯಾಯಿತು.

ಈ ಸಂಸ್ಥೆಯ ಕೆಲಸವನ್ನು ಪರೀಕ್ಷಿಸಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ನಾವು ಹೊಲದಲ್ಲಿ ತಾಕು ಹಾಕಿ ಪ್ರಯೋಗ ಮಾಡುವಂತೆಯೇ ಅದನ್ನೂ ನಡೆಸಲಾಗಿತ್ತು. 10ರಿಂದ 16 ವಯಸ್ಸಿನ 959 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾರ್ಗದರ್ಶಿಗಳನ್ನು ಕೊಟ್ಟು, ಇನ್ನೊಂದನ್ನು ಹೋಲಿಕೆಗಾಗಿ ಹಾಗೆಯೇ ಬಿಡಲಾಯಿತು. 18 ತಿಂಗಳ ನಂತರ ನೋಡಿದಾಗ, ಮಾರ್ಗದರ್ಶಿಗಳಿದ್ದ ಮಕ್ಕಳಲ್ಲಿ ಮಾದಕ ವಸ್ತುಗಳ ಚಟ ಹೊಸದಾಗಿ ಹಿಡಿಯುವ ಸಂಭವ ಶೇ. 46ರಷ್ಟು, ಮದ್ಯ ಆರಂಭಿಸುವ ಸಂಭವ ಶೇ. 27ರಷ್ಟು ಕಡಿಮೆ ಇತ್ತು. ಶಾಲೆ ತಪ್ಪಿಸಿದ ದಿನಗಳು ಅರ್ಧಕ್ಕೆ ಇಳಿದಿದ್ದವು.

ಇದಕ್ಕಿಂತ ಮುಖ್ಯವಾದ ಅಂಶ 2002ರಲ್ಲಿ ಬೆಳಕಿಗೆ ಬಂದಿತು. ಅದೇ ಮಾಹಿತಿಯನ್ನು ಗ್ರಾಸ್‌ಮನ್ ಮತ್ತು ರೋಡ್ಸ್ ಎಂಬ ಸಂಶೋಧಕರು ಮತ್ತೆ ವಿಶ್ಲೇಷಿಸಿ, ಜೊತೆ ಎಷ್ಟು ಕಾಲ ಬಾಳಿತು ಎಂಬುದರ ಮೇಲೆ ವಿಂಗಡಿಸಿದರು. ಒಂದು ವರ್ಷ ಅಥವಾ ಹೆಚ್ಚು ಕಾಲ ನಡೆದಲ್ಲಿ ಲಾಭ ಎಲ್ಲಕ್ಕಿಂತ ಹೆಚ್ಚಾಗಿತ್ತು. ಅವಧಿ ಕಡಿಮೆಯಾದಂತೆ ಲಾಭವೂ ಕಡಿಮೆಯಾಗಿತ್ತು. ಮೂರು ತಿಂಗಳೊಳಗೇ ಮುರಿದುಬಿದ್ದಲ್ಲಿ ಮಕ್ಕಳಿಗೆ ತಮ್ಮ ಮೇಲಿದ್ದ ವಿಶ್ವಾಸ ಕುಗ್ಗಿತ್ತು. ಮಾರ್ಗದರ್ಶಿಯೇ ಸಿಗದ ಮಕ್ಕಳಲ್ಲಿ ಇಷ್ಟು ಹಾನಿ ಆಗಿರಲಿಲ್ಲ. ಈ ಒಂದು ಫಲಿತಾಂಶವನ್ನು ರೈತ ಬಾಂಧವರು ಚೆನ್ನಾಗಿ ಮನನ ಮಾಡತಕ್ಕದ್ದು.

ನಮ್ಮ ದೇಶದಲ್ಲೂ ಇಂಥ ಪ್ರಯತ್ನಗಳಾಗಿವೆ. ಜೆ.ಆರ್.ಡಿ. ಟಾಟಾ ಅವರ ಬೆಂಬಲದಿಂದ 1992ರಲ್ಲಿ ಆರಂಭವಾದ ಭಾರತೀಯ ಯುವ ಶಕ್ತಿ ಟ್ರಸ್ಟ್, ಸ್ವಂತ ಉದ್ಯೋಗ ಹೂಡುವ ಬಡ ಯುವಜನರಿಗೆ ಸಾಲದ ನೆರವಿನ ಜೊತೆಗೆ ಒಬ್ಬ ಅನುಭವಿ ಮಾರ್ಗದರ್ಶಿಯನ್ನೂ ಒದಗಿಸುವ ಪದ್ಧತಿ ಇಟ್ಟುಕೊಂಡಿದೆ. ಬೆಂಗಳೂರಿನಲ್ಲಿ 2009ರಲ್ಲಿ ಹುಟ್ಟಿದ ‘ಮೆಂಟರ್ ಟುಗೆದರ್’ ಸಂಸ್ಥೆ, ಬಡ ಕುಟುಂಬಗಳ ವಿದ್ಯಾರ್ಥಿಗಳಿಗೆ ಒಬ್ಬರಿಗೊಬ್ಬರಂತೆ ಸ್ವಯಂಸೇವಕರನ್ನು ಜೋಡಿಸುತ್ತದೆ. ಇವೆಲ್ಲ ಬಹುಮಟ್ಟಿಗೆ ಓದು ಮತ್ತು ಉದ್ಯೋಗಕ್ಕೆ ಸಂಬಂಧಿಸಿದವು. ಹೊಲಕ್ಕೆ ಇದನ್ನು ಅಳವಡಿಸುವುದು ನಮ್ಮ ಕೈಯಲ್ಲಿದೆ.

ಲೇಖಕನಿಂದಾದ ತಪ್ಪು

ಅರ್ಧಕ್ಕೆ ಬಿಟ್ಟರೆ ಹಾನಿ ಎಂಬ ಮಾತನ್ನು ಓದುವ ಮೊದಲೇ ಲೇಖಕನು ಅದನ್ನು ಮಾಡಿ ತಿಳಿದಿದ್ದನು. ಕೆಲವು ವರ್ಷಗಳ ಹಿಂದೆ ಔರಾದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ತೊಗರಿ ತರಬೇತಿ ಮುಗಿದ ಮೇಲೆ ಹತ್ತೊಂಬತ್ತು ವಯಸ್ಸಿನ ಹುಡುಗನೊಬ್ಬ ಹತ್ತಿರ ಬಂದ. ತಂದೆ ಹಿಂದಿನ ವರ್ಷ ಕಾಯಿಲೆಯಿಂದ ತೀರಿಕೊಂಡಿದ್ದರು. ನಾಲ್ಕು ಎಕರೆ ಎರೆ ಹೊಲ ಅವನ ಪಾಲಿಗೆ ಬಂದಿತ್ತು. “ಸರ್, ನಮ್ಮ ತೊಗರಿ ಹೋದ ವರ್ಷ ಅರ್ಧ ಒಣಗ್ಯಾದ. ಒಮ್ಮೆ ಹೊಲಕ್ಕ ಬರ್ತೀರೇನು?” ಎಂದು ಕೇಳಿದ.

ಹೋಗಿ ನೋಡಲಾಯಿತು. ಹೊಲದಲ್ಲಿ ಉಳಿದಿದ್ದ ಹಳೆಯ ಕಟ್ಟಿಗೆಯನ್ನು ಸೀಳಿದಾಗ ಒಳಗೆ ಕಪ್ಪು ಗೆರೆಗಳು ಕಂಡವು, ಅದು ನೆಟೆ ರೋಗ. ಈ ಶಿಲೀಂಧ್ರವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ರೋಗ ನಿರೋಧಕ ತಳಿ ಹಾಕಬೇಕು, ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸಬೇಕು, ಒಂದು ಭಾಗದಲ್ಲಿ ಜೋಳ ಹಾಕಿ ಬೆಳೆ ತಿರುಗಿಸಬೇಕು ಎಂದು ತಿಳಿಸಲಾಯಿತು. ಹುಡುಗ ಎಲ್ಲವನ್ನೂ ಬರೆದುಕೊಂಡ, ಹೇಳಿದಂತೆ ಮಾಡಿದ. ಜೂನಿನಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ ಲೇಖಕನು ಅವನ ಹೊಲಕ್ಕೆ ಹೋದನು. ‘ಪ್ರತಿ ಹದಿನೈದು ದಿನಕ್ಕೊಮ್ಮೆ ಬರುತ್ತೇನೆ’ ಎಂದು ಮಾತು ಕೊಟ್ಟನು. ಆಗಸ್ಟಿನಿಂದ ಕಚೇರಿಯ ಕೆಲಸ, ಸಭೆ, ಪರೀಕ್ಷೆಗಳ ಗಡಿಬಿಡಿಯಲ್ಲಿ ಒಂದು ಭೇಟಿ ತಪ್ಪಿತು, ನಂತರ ಎರಡನೆಯದೂ ಮೂರನೆಯದೂ ತಪ್ಪಿದವು. ತೊಗರಿ ಹೂ ಬಿಟ್ಟ ಕಾಲಕ್ಕೆ ಹುಡುಗ ಎರಡು ಸಲ ಫೋನ್ ಮಾಡಿದ್ದ. ಸಭೆಯಲ್ಲಿದ್ದುದರಿಂದ ಎತ್ತಲಾಗಲಿಲ್ಲ. ತಿರುಗಿ ಮಾಡುವುದು ಮರೆತೇಹೋಯಿತು.

ಮರುವರ್ಷ ಆ ಊರಿಗೆ ಹೋದಾಗ ಅವನ ತಾಯಿ ಸಿಕ್ಕರು. ಕಾಯಿ ಕೊರಕ ಬಿದ್ದಾಗ ಹುಡುಗ ಅಂಗಡಿಯಲ್ಲಿ ಉದ್ದರಿ ತಂದು ಮೂರು ಔಷಧಿಗಳನ್ನು ಬೆರೆಸಿ ಹೊಡೆದಿದ್ದ. ಬೆಳೆ ಪೂರ್ತಿ ಹೋಗಲಿಲ್ಲ, ಆದರೆ ಬಂದ ಹಣ ಅಂಗಡಿಯ ಬಾಕಿಗೇ ಸರಿಹೋಯಿತು. ಹೊಲವನ್ನು ಪಾಲಿಗೆ ಕೊಟ್ಟು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ತಾಯಿ ಬೈಯಲಿಲ್ಲ. “ಬಾಜೂ ಹೊಲದ ಮುತ್ಯಾ ಬಂದು ಹೇಳ್ಕೊಡ್ತೀನಿ ಅಂದಿದ್ರು ಸಾಹೇಬ್ರ. ಯೂನಿವರ್ಸಿಟಿ ಸಾಹೇಬ್ರು ಬರ್ತಾರ ಅಂತ ಇಂವನೇ ಬ್ಯಾಡ ಅಂದ” ಎಂದರು.

ಅವನು ಊರು ಬಿಡಲು ಲೇಖಕನೊಬ್ಬನೇ ಕಾರಣನೆಂದು ಹೇಳಲಾಗದು. ಮಳೆ, ಬೆಲೆ, ಸಾಲ ಎಲ್ಲವೂ ಇದ್ದವು. ಆದರೆ ಬರಲಾರದವನು ‘ಬರುತ್ತೇನೆ’ ಎಂದು ಹೇಳಿ, ದಿನವೂ ಬರಬಲ್ಲ ಮುತ್ಯಾನ ಜಾಗವನ್ನು ಹಿಡಿದು ಕೂತದ್ದು ದೊಡ್ಡ ತಪ್ಪು. ಇದರಿಂದ ಎರಡು ವಿಷಯ ಸ್ಪಷ್ಟವಾದವು. ಮೊದಲನೆಯದು, ಪೂರ್ಣ ವರ್ಷ ನಿಲ್ಲಲಾರದವರು ಕೈ ಹಿಡಿಯಬಾರದು. ಎರಡನೆಯದು, ಯುವಕನಿಗೆ ಸರಿಯಾದ ಮಾರ್ಗದರ್ಶಿ ದೂರದ ವಿಜ್ಞಾನಿಗಿಂತ ಪಕ್ಕದ ಹೊಲದ ಅನುಭವಿ ರೈತನೇ. ವಿಜ್ಞಾನಿಯು ಆ ರೈತನ ಬೆನ್ನಿಗೆ ನಿಲ್ಲಬೇಕು.

ಭಾಲ್ಕಿ ಕಡೆಯ ಒಂದು ಜೊತೆ

ಭಾಲ್ಕಿ ತಾಲ್ಲೂಕಿನಲ್ಲಿ ಅರವತ್ತು ದಾಟಿದ ರೈತರೊಬ್ಬರು ನೆರೆಮನೆಯ ಹುಡುಗನಿಗೆ ಒಂದು ವರ್ಷ ಕಲಿಸಿದ ಬಗೆಯನ್ನು ಹತ್ತಿರದಿಂದ ನೋಡುವ ಅವಕಾಶ ಲೇಖಕನಿಗೆ ನಂತರ ದೊರೆಯಿತು. ಹುಡುಗ ಪಿ.ಯು.ಸಿ.ಯಲ್ಲಿ ನಪಾಸಾಗಿ ಮನೆಯಲ್ಲಿದ್ದ. ಮೂರು ಎಕರೆ ಹೊಲವಿತ್ತು. ಈ ಹಿರಿಯರು ವಾರಕ್ಕೊಂದು ಬೆಳಿಗ್ಗೆ ಅವನಿಗಾಗಿ ತೆಗೆದಿಟ್ಟರು. ಮಳೆ ಬಂದರೂ ಮದುವೆ ಇದ್ದರೂ ಆ ಬೆಳಿಗ್ಗೆ ಹುಡುಗನ ಹೊಲದ ಬದುವಿನ ಮೇಲೆ ಅವರು ಕಾಣುತ್ತಿದ್ದರು. ಬರಲಾಗದ ಎರಡು ವಾರ ಮುಂಚಿತವಾಗಿ ಹೇಳಿ ಕಳಿಸಿದ್ದರು.

ಅವರ ನಿಯಮ ಒಂದೇ ಆಗಿತ್ತು. ಹುಡುಗನ ಕೈಯಿಂದ ಕುಂಟೆಯನ್ನಾಗಲಿ ಕೂರಿಗೆಯನ್ನಾಗಲಿ ಅವರು ಕಸಿದುಕೊಳ್ಳುತ್ತಿರಲಿಲ್ಲ. ಸಾಲು ಸೊಟ್ಟಗಾದರೆ ಆಗಲಿ ಎಂದು ಬಿಡುತ್ತಿದ್ದರು. ಕೇಳಿದ್ದಕ್ಕೆ ಪ್ರಶ್ನೆಯಿಂದಲೇ ಉತ್ತರ ಕೊಡುವುದು ಅವರ ರೂಢಿ. “ಕಾಕಾ, ಈ ಗಿಡ ಯಾಕ ಬಾಡ್ಯಾವ?” ಎಂದರೆ, “ಒಂದು ಕಿತ್ತು ಸೀಳಿ ನೋಡು ತಮ್ಮಾ, ಏನು ಕಾಣ್ತದ ಹೇಳು” ಎನ್ನುವರು.

ಆ ವರ್ಷ ಹುಡುಗ ಪೂರ್ತಿ ಹೊಲಕ್ಕೆ ಸೋಯಾ ಹಾಕುವೆನೆಂದು ಹಟ ಹಿಡಿದ. ನಾಲ್ಕು ಸಾಲು ಸೋಯಾಕ್ಕೆ ಎರಡು ಸಾಲು ತೊಗರಿ ಹಾಕುವುದು ಕಾಕಾನ ಪದ್ಧತಿ. ಅವರು ತಮ್ಮ ಅಭಿಪ್ರಾಯವನ್ನು ಒಮ್ಮೆ ಹೇಳಿ ಸುಮ್ಮನಾದರು. ಕೊನೆಗೆ ಹುಡುಗ ಒಂದು ಎಕರೆಯಲ್ಲಿ ಮಾತ್ರ ತೊಗರಿ ಕೂಡಿಸಿದ. ಕಟಾವಿನ ಹೊತ್ತಿಗೆ ಸರಿಯಾಗಿ ಮಳೆ ಹಿಡಿದು ಸೋಯಾ ಕಾಯಿಗಳಲ್ಲೇ ಮೊಳಕೆಯೊಡೆಯಿತು. ತೊಗರಿ ಇದ್ದ ಎಕರೆಯಲ್ಲಿ ಚಳಿಗಾಲಕ್ಕೆ ಸ್ವಲ್ಪ ಕೈ ಹಿಡಿಯಿತು. ‘ನಾನು ಹೇಳಿರಲಿಲ್ಲವೇ’ ಎಂಬ ಮಾತು ಹಿರಿಯರ ಬಾಯಿಂದ ಬರಲಿಲ್ಲ. ನೆನೆದ ಸೋಯಾವನ್ನು ಹರವಿ ಒಣಗಿಸಲು ಮಾತ್ರ ಎರಡು ದಿನ ಹೆಚ್ಚಿಗೆ ಬಂದರು. ಬೆಳೆ ವಿಮೆಯ ದೂರನ್ನು ಕಾಲಮಿತಿಯೊಳಗೆ ಕೊಡಿಸಿದರು.

ಆ ಹುಡುಗ ಇಂದಿಗೂ ಒಕ್ಕಲುತನ ಮಾಡುತ್ತಿದ್ದಾನೆ, ಎರಡು ಎಮ್ಮೆ ಕಟ್ಟಿದ್ದಾನೆ. ಪುಣೆಗೆ ಹೋಗುವ ಯೋಚನೆ ಪೂರ್ತಿ ಬಿಟ್ಟಿಲ್ಲವೆಂದೂ ಹೇಳುತ್ತಾನೆ. ಹೋದರೆ ತಿಳಿದು ಹೋಗುತ್ತಾನೆ. ಮಾರ್ಗದರ್ಶನದ ಗುರಿ ಹುಡುಗನನ್ನು ಹೊಲಕ್ಕೆ ಕಟ್ಟಿಹಾಕುವುದಲ್ಲ, ತನ್ನ ತೀರ್ಮಾನವನ್ನು ತಾನೇ ತೆಗೆದುಕೊಳ್ಳಬಲ್ಲವನನ್ನಾಗಿ ಮಾಡುವುದು.

ಒಂದು ವರ್ಷದ ಕಾರ್ಯಕ್ರಮ

ನಮ್ಮ ಕಡೆ ಒಕ್ಕಲುತನದ ವರ್ಷ ಯುಗಾದಿಗೆ ಆರಂಭವಾಗುತ್ತದೆ. ಮಾರ್ಗದರ್ಶನವನ್ನೂ ಯುಗಾದಿಗೆ ಆರಂಭಿಸಿ ಮುಂದಿನ ಯುಗಾದಿಗೆ ಮುಗಿಸುವುದು ಸೂಕ್ತ. ವಾರಕ್ಕೊಂದು ಭೇಟಿ, ಒಂದರಿಂದ ಎರಡು ತಾಸು ಸಾಕಾಗುತ್ತದೆ.

1. ಯುಗಾದಿಯಿಂದ ಮೃಗಶಿರಾ ಮಳೆಯವರೆಗೆ: ಮೊದಲ ಎರಡು ಭೇಟಿಗಳಲ್ಲಿ ಉಪದೇಶ ಬೇಡ. ಹುಡುಗನೊಡನೆ ಹೊಲದ ಬದುವಿನ ಸುತ್ತ ನಡೆದು, ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೊಚ್ಚುತ್ತದೆ ಎಂದು ಅವನಿಂದಲೇ ಕೇಳಿರಿ. ನಂತರ ಮಣ್ಣಿನ ಮಾದರಿ ತೆಗೆಯುವುದನ್ನು ತೋರಿಸಿರಿ. ಹೊಲದ ಹಲವು ಕಡೆ ಇಂಗ್ಲಿಷಿನ ‘ವಿ’ ಆಕಾರದಲ್ಲಿ 15 ಸೆಂ.ಮೀ. ಆಳದ ಗುಣಿ ತೋಡಿ, ಅದರ ಪಕ್ಕದಿಂದ ಮಣ್ಣು ಕೆರೆದು, ಎಲ್ಲವನ್ನೂ ಬೆರೆಸಿ ಅರ್ಧ ಕಿ.ಗ್ರಾಂ. ಉಳಿಸಿಕೊಂಡು ಪರೀಕ್ಷೆಗೆ ಕೊಡಿಸಿರಿ. ಸೋಯಾ ಬೀಜದ ಮೊಳಕೆ ಪರೀಕ್ಷೆಯನ್ನು ಹುಡುಗನ ಕೈಯಿಂದಲೇ ಮಾಡಿಸಿರಿ. 100 ಬೀಜ ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸಾಲಾಗಿ ಇಟ್ಟು ಸುರುಳಿ ಸುತ್ತಿ ನೆರಳಿನಲ್ಲಿಟ್ಟು, ತೇವ ಆರದಂತೆ ನೋಡಿಕೊಂಡರೆ ಒಂದು ವಾರದೊಳಗೆ ಫಲಿತಾಂಶ ತಿಳಿಯುತ್ತದೆ. 70 ಮತ್ತು ಅದಕ್ಕೂ ಹೆಚ್ಚು ಮೊಳೆತರೆ ಬೀಜ ಯೋಗ್ಯ. ತಾನೇ ಎಣಿಸಿ ನೋಡಿದ ಹುಡುಗ ಮುಂದೆ ಅಂಗಡಿಯವನ ಮಾತನ್ನು ಹಾಗೆಯೇ ನಂಬುವುದಿಲ್ಲ.

2. ಬಿತ್ತನೆ ಕಾಲ (ಜೂನ್–ಜುಲೈ): ಮೊದಲ ಮಳೆಗೇ ಬಿತ್ತುವ ಆತುರ ಯುವಕರಲ್ಲಿ ಸಹಜ. ಸೋಯಾಕ್ಕೆ 75ರಿಂದ 100 ಮಿ.ಮೀ. ಮಳೆ ಬಿದ್ದು ಭೂಮಿ ಚೆನ್ನಾಗಿ ನೆನೆದ ಮೇಲೆ ಬಿತ್ತುವುದು ಕ್ಷೇಮ. ಬೀಜ 3ರಿಂದ 4 ಸೆಂ.ಮೀ.ಗಿಂತ ಆಳಕ್ಕೆ ಹೋಗಬಾರದು. ತೊಗರಿ ಬೀಜಕ್ಕೆ ಕಿ.ಗ್ರಾಂ.ಗೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿರಿ. ಮೊದಲ ಐದು ಸಾಲನ್ನು ಮಾರ್ಗದರ್ಶಿ ತೋರಿಸಲಿ. ಆರನೆಯ ಸಾಲಿನಿಂದ ಹುಡುಗ ಮಾಡಲಿ, ಹಿರಿಯರು ಬದುವಿನ ಮೇಲಿರಲಿ.

3. ಬೆಳೆ ಬೆಳೆಯುವ ಕಾಲ (ಆಗಸ್ಟ್–ಸೆಪ್ಟೆಂಬರ್): ಹುಡುಗನ ಉತ್ಸಾಹ ಇಳಿಯುವುದೂ, ಮಾರ್ಗದರ್ಶಿಯ ಭೇಟಿ ತಪ್ಪುವುದೂ ಈ ಕಾಲದಲ್ಲೇ. ಕೆಲಸ ಕಡಿಮೆ ಎಂದು ಭೇಟಿ ಬಿಡಬೇಡಿರಿ. ಎಡೆ ಹೊಡೆಯುವುದು, ಕಳೆ ತೆಗೆಯುವುದು, 45ರಿಂದ 50 ದಿನಕ್ಕೆ ತೊಗರಿಯ ಕುಡಿ ಚಿವುಟುವುದು ಇವನ್ನು ಜೊತೆಯಲ್ಲಿ ಮಾಡಿರಿ. ಬಾಡಿದ ಗಿಡ ಸೀಳಿ ನೆಟೆ ರೋಗವನ್ನೂ, ಹೂವಿಲ್ಲದೆ ಎಲೆ ಸಣ್ಣದಾಗಿ ಪೊದೆಯಂತಾದ ಗಿಡದಲ್ಲಿ ಗೊಡ್ಡು ರೋಗವನ್ನೂ ಗುರುತಿಸುವುದು ಕಲಿಸಿರಿ.

4. ಕಟಾವು ಮತ್ತು ಹಿಂಗಾರಿ (ಅಕ್ಟೋಬರ್–ನವೆಂಬರ್): ಸೋಯಾ ರಾಶಿ, ಕಡಲೆ ಬಿತ್ತನೆ, ತೊಗರಿ ಹೂವು ಎಲ್ಲವೂ ಒಟ್ಟಿಗೆ ಬರುತ್ತವೆ. ತಪ್ಪುಗಳು ಹೆಚ್ಚು ಆಗುವ ಕಾಲವೂ ಇದೇ. ಸಾಧ್ಯವಾದರೆ ವಾರಕ್ಕೆ ಎರಡು ಸಲ ಭೇಟಿಯಾಗಿರಿ. ತೊಗರಿಯಲ್ಲಿ ಎಕರೆಗೆ 2 ಮೋಹಕ ಬಲೆ ಕಟ್ಟಿ, ಬಿದ್ದ ಪತಂಗಗಳನ್ನು ಹುಡುಗ ಎಣಿಸಿ ಬರೆಯಲಿ. ಔಷಧಿ ಬೇಕಾದರೆ ಒಂದೇ ಔಷಧಿಯನ್ನು ಶಿಫಾರಸಿನ ಪ್ರಮಾಣದಲ್ಲಿ ಬಳಸಬೇಕು, ಬೆರಕೆ ಮಾಡಬಾರದು. ಬೆಳೆ ವಿಮೆ ಮಾಡಿಸಿದ್ದು, ಆಲಿಕಲ್ಲು ಅಥವಾ ನೆರೆಯಂಥ ಸ್ಥಳೀಯ ಹಾನಿಯಾದರೆ 72 ತಾಸಿನೊಳಗೆ ತಿಳಿಸಬೇಕೆಂಬುದನ್ನು ಮೊದಲೇ ಹೇಳಿರಿ.

5. ರಾಶಿ ಮತ್ತು ಮಾರಾಟ (ಡಿಸೆಂಬರ್–ಜನವರಿ): ಎಳ್ಳಮಾವಾಸ್ಯೆಗೆ ಎರಡೂ ಮನೆಯವರು ಒಂದೇ ಹೊಲದಲ್ಲಿ ಕೂಡಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡರೆ ಎಷ್ಟೋ ಸಂಕೋಚ ಕರಗುತ್ತದೆ. ತೊಗರಿ ರಾಶಿಯಾದ ಮೇಲೆ ಹುಡುಗನನ್ನು ಮಾರುಕಟ್ಟೆಗೆ ಕರೆದೊಯ್ದು, ಹರಾಜು, ತೂಕದ ಚೀಟಿ, ಬೆಂಬಲ ಬೆಲೆಯ ನೋಂದಣಿ ಎಲ್ಲವನ್ನೂ ತೋರಿಸಿರಿ.

6. ಲೆಕ್ಕ ಮತ್ತು ಮುಕ್ತಾಯ (ಫೆಬ್ರುವರಿ–ಯುಗಾದಿ): ವರ್ಷದ ಖರ್ಚು ಆದಾಯಗಳನ್ನು ಹುಡುಗನ ನೋಟುಪುಸ್ತಕದಿಂದ ಕೂಡಿಸಿ ನೋಡಿರಿ. ನಷ್ಟವಾಗಿದ್ದರೆ ಮುಚ್ಚಬೇಡಿರಿ. ಮುಂದಿನ ವರ್ಷ ಏನು ಬದಲಿಸುವನೆಂದು ಅವನೇ ಹೇಳಲಿ. ಯುಗಾದಿಯ ದಿನ ‘ಇನ್ನು ನೀನೇ ನಡೆಸು, ಕೇಳುವುದಿದ್ದರೆ ಮನೆ ಬಾಗಿಲು ತೆರೆದಿದೆ’ ಎಂದು ಬಾಯಿಬಿಟ್ಟು ಹೇಳಿ ಮುಗಿಸಿರಿ. ಹೇಳದೆ ಕೇಳದೆ ನಿಲ್ಲಿಸುವುದು ಸಲ್ಲದು.

ಪಾಲಿಸಬೇಕಾದ ಎಚ್ಚರಿಕೆಗಳು

1. ಒಬ್ಬರು ಒಬ್ಬನನ್ನೇ ತೆಗೆದುಕೊಳ್ಳಿರಿ. ನಾಲ್ಕು ಮಂದಿಯನ್ನು ಒಪ್ಪಿಕೊಂಡರೆ ಅದು ಶಿಬಿರವಾಗುತ್ತದೆ.

2. ಮಾತು ಕೊಡುವ ಮೊದಲು ಬರುವ ವರ್ಷದ ಮನೆಯ ಕೆಲಸಗಳನ್ನು ಎಣಿಸಿ ನೋಡಿರಿ. ಮಗಳ ಮದುವೆ, ಮನೆ ಕಟ್ಟುವುದು, ಚುನಾವಣೆ ಇವುಗಳಲ್ಲಿ ಯಾವುದಾದರೂ ಇದ್ದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿರಿ. ಈಗ ಆಗದೆಂದು ಹೇಳುವುದರಿಂದ ಯಾರಿಗೂ ಹಾನಿಯಿಲ್ಲ.

3. ತಂದೆತಾಯಿ ಅಥವಾ ಮನೆಯ ಹಿರಿಯರ ಒಪ್ಪಿಗೆಯನ್ನು ಮೊದಲೇ ಪಡೆಯತಕ್ಕದ್ದು. ತಂದೆ ಇದ್ದಲ್ಲಿ ಅವರ ಮರ್ಯಾದೆಗೆ ಕುಂದಾಗುವಂತೆ ಮಗನ ಮುಂದೆ ಮಾತನಾಡಬಾರದು.

4. ಭೇಟಿ ಹೊಲದಲ್ಲಿ, ಕಟ್ಟೆಯ ಮೇಲೆ, ನಾಲ್ಕು ಜನ ಕಾಣುವ ಜಾಗದಲ್ಲಿ ನಡೆಯಲಿ. ಹೆಣ್ಣುಮಕ್ಕಳಿಗೆ ಸ್ತ್ರೀಶಕ್ತಿ ಸಂಘದ ಹಿರಿಯ ರೈತ ಮಹಿಳೆಯರೇ ಮಾರ್ಗದರ್ಶಿಗಳಾಗುವುದು ಉತ್ತಮ. ಹದಿನೆಂಟು ತುಂಬದ ಮಕ್ಕಳು ತೊಂದರೆಯಲ್ಲಿರುವುದು ತಿಳಿದುಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿರಿ.

5. ಸಾಲ ಕೊಡುವುದು, ಸಾಲಕ್ಕೆ ಜಾಮೀನು ನಿಲ್ಲುವುದು ಬೇಡ. ಹಣ ನಡುವೆ ಬಂದರೆ ಮಾತು ನಿಲ್ಲುತ್ತದೆ. ಹಾಗೆಯೇ ಕಲಿಸುವ ನೆಪದಲ್ಲಿ ಹುಡುಗನಿಂದ ನಿಮ್ಮ ಹೊಲದ ಕೆಲಸ ಬಿಟ್ಟಿಯಾಗಿ ಮಾಡಿಸಬಾರದು.

6. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ ಇಬ್ಬರೂ ಕೂಡಿ ಕೇಳಿರಿ. ಹೋಬಳಿಯ ರೈತ ಸಂಪರ್ಕ ಕೇಂದ್ರ, ಬೀದರ ಬಳಿಯ ಜನವಾಡದ ಕೃಷಿ ವಿಜ್ಞಾನ ಕೇಂದ್ರ, ಕಿಸಾನ್ ಕಾಲ್ ಸೆಂಟರಿನ ಉಚಿತ ದೂರವಾಣಿ 1800-180-1551 ಇವು ನಿಮ್ಮ ನೆರವಿಗಿವೆ. ದನಕರುಗಳ ಬಗ್ಗೆ ಬೀದರಿನಲ್ಲೇ ಇರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ತಜ್ಞರನ್ನು ವಿಚಾರಿಸಬಹುದು.

7. ಅನಿವಾರ್ಯವಾಗಿ ನಡುವೆ ಬಿಡಬೇಕಾದರೆ, ಹುಡುಗನ ಎದುರು ಕೂತು ಕಾರಣ ಹೇಳಿ, ಅವನಿಗೆ ಒಪ್ಪಿಗೆಯಾದ ಇನ್ನೊಬ್ಬ ಹಿರಿಯರ ಕೈಗೆ ಒಪ್ಪಿಸಿರಿ.

ಯಾರು ಮಾರ್ಗದರ್ಶಿಯಾಗಬಹುದು?

ಪ್ರಶಸ್ತಿ ಪಡೆದ ರೈತರೇ ಆಗಬೇಕೆಂದಿಲ್ಲ. ಹತ್ತು ಹದಿನೈದು ವರ್ಷ ಒಕ್ಕಲುತನ ಮಾಡಿ, ಒಂದೆರಡು ಸಲ ನಷ್ಟ ಉಂಡು ಮತ್ತೆ ಎದ್ದವರು ಹೆಚ್ಚು ಯೋಗ್ಯರು. ಹೊಲ ಸಮೀಪವಿರಬೇಕು, ಮಾತು ಮಿತವಿರಬೇಕು. ಔರಾದ ಮತ್ತು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಮಲನಗರದ ಹಳ್ಳಿಗಳಲ್ಲಿ ಕನ್ನಡದೊಡನೆ ಮರಾಠಿ, ತೆಲುಗು, ಉರ್ದು ಮಾತುಗಳೂ ಇವೆ. ಹುಡುಗನ ಮನೆಮಾತು ಬಲ್ಲ ಹಿರಿಯರು ಸಿಕ್ಕರೆ ಇನ್ನೂ ಒಳ್ಳೆಯದು. ಬೀದರ ನಗರದಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕರು, ಬ್ಯಾಂಕು ನೌಕರರು ಊರಿನ ಹುಡುಗರಿಗೆ ಲೆಕ್ಕಪತ್ರ, ಅರ್ಜಿ, ಸಾಲದ ಕಾಗದಗಳಲ್ಲಿ ಇದೇ ರೀತಿ ನೆರವಾಗಬಹುದು.

ರೈತ ಬಾಂಧವರೇ, ಇದಕ್ಕೆ ಸಹಾಯಧನವಿಲ್ಲ, ಅರ್ಜಿ ನಮೂನೆಯಿಲ್ಲ. ಬರುವ ಯುಗಾದಿಗೆ ಮುನ್ನ ನಿಮ್ಮ ಊರಿನಲ್ಲಿ ಇತ್ತೀಚೆಗೆ ಹೊಲದ ಭಾರ ಹೊತ್ತ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ನೆನಪು ಮಾಡಿಕೊಳ್ಳಿರಿ. ವಾರಕ್ಕೊಂದು ಬೆಳಿಗ್ಗೆ, ಒಂದು ಪೂರ್ಣ ವರ್ಷ ಕೊಡಬಲ್ಲಿರಾದರೆ ಅವರ ಮನೆಗೆ ಹೋಗಿ ಮಾತನಾಡಿರಿ. ಔರಾದ ಕಡೆಯ ಆ ಮುತ್ಯಾನಂಥವರು ಪ್ರತಿ ಊರಿನಲ್ಲೂ ಇದ್ದಾರೆ. ಅವರು ಮುಂದೆ ಬಂದಾಗ ನಮ್ಮಂಥ ವಿಜ್ಞಾನಿಗಳು ಅವರ ಜಾಗ ಹಿಡಿಯದೆ, ಅವರಿಗೆ ಬೇಕಾದ ಮಾಹಿತಿಯನ್ನು ಸಕಾಲಕ್ಕೆ ಒದಗಿಸಲು ಬದ್ಧರಾಗಿರಬೇಕು. ಅವರು ಫೋನ್ ಮಾಡಿದಾಗ ತಪ್ಪದೆ ಎತ್ತಬೇಕು.